ಮಗ್ಗದ ಗುಂಡಿಯಲ್ಲಿ ಹಳತಾದ ಬೀರು

ನನ್ನ ಗಂಡನಿಗೆ ಹಳೆಯದೆಲ್ಲ ಒಳ್ಳೆಯದು, ಹೆಂಡತಿಯೊಬ್ಬಳನ್ನು ಬಿಟ್ಟು. ಅಕ್ಕಿ ಹಳೆಯದಾಗಿರಬೇಕು, ಬೆಲ್ಲ ಹಳೆಯದಾಗಿರಬೇಕು, ಹುಣಸೆಹಣ್ಣು ಮಳೆಗಾಲಗಳನ್ನು ಕಂಡು ಕಪ್ಪಗಾಗಿರಬೇಕು. ಊಟಕ್ಕೆ ಕೂತವರು ಸಾರನ್ನೊಮ್ಮೆ ಮೂಸಿ, "ಇದು ಈ ವರ್ಷದ ಹುಣಸೆಹಣ್ಣು" ಎಂದು ತೀರ್ಪು ಕೊಡುತ್ತಿದ್ದರು. ಅದು ಹೋದ ವರ್ಷದ್ದೇ ಆಗಿದ್ದರೂ ನಾನು ಹೌದು ಅನ್ನುತ್ತಿದ್ದೆ. ವಾದಕ್ಕೆ ಇಳಿದರೆ ಅನ್ನ ಆರಿ ಹೋಗುತ್ತಿತ್ತು.

ಅವರ ಹೆಸರು ಶಂಕರಯ್ಯ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದರು, ಬರೆಯಬಾರದು ಎಂದು ಕಲಿಸಿರಲಿಲ್ಲ. ಹಿಂದೂಪುರದಲ್ಲಿ ರೇಷ್ಮೆ ಸೀರೆಯ ವ್ಯಾಪಾರ. ಮನೆಯ ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಹಗಲೂ ರಾತ್ರಿ ಬಡಿದುಕೊಳ್ಳುವ ಪವರ್‌ಲೂಮುಗಳು. ಅವು ಬಂದ ಮೇಲೆ ಮನೆಯಲ್ಲಿದ್ದ ಕೈಮಗ್ಗಗಳೆಲ್ಲ ಒಲೆ ಸೌದೆಯಾದವು. ಉಳಿದದ್ದು ನಡುಮನೆಯ ನನ್ನ ಗುಂಡಿ ಮಗ್ಗ ಒಂದೇ. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಪ್ಪ ಕಲ್ಯಾಣದುರ್ಗದಿಂದ ಬಂದು ತಾನೇ ತೋಡಿಕೊಟ್ಟಿದ್ದ.

ಅದರ ಮೇಲೆ ನಾನು ನೇಯ್ದ ಸೀರೆಗೆ ಊರಿನಲ್ಲಿ ಹೆಸರಿತ್ತು. ಹೆಂಗಸರು ಅಂಗಡಿಗೆ ಬಂದು "ಸರಸ್ವತಮ್ಮನ ಅಂಚು ಇದ್ರೆ ತೋರ್ಸಿ" ಅನ್ನುತ್ತಿದ್ದರು. ಶಂಕರಯ್ಯನವರ ಸೀರೆ ತೋರಿಸಿ ಎಂದು ಯಾರೂ ಕೇಳಿದ್ದಿಲ್ಲ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಹೇಳಿದಾಗೆಲ್ಲ ಸಂತೋಷವಾಗುತ್ತದೆ.

ಇನ್ನು ಬೀರಿನ ವಿಷಯ. ಈ ಮನೆಯಲ್ಲಿ ಬೀರಿನ ರುಚಿ ಗೊತ್ತಿದ್ದವಳು ನಾನೊಬ್ಬಳೇ. ನಗಬೇಡಿ. ಹಿಂದೊಮ್ಮೆ ನನಗೆ ಮೂತ್ರದಲ್ಲಿ ಕಲ್ಲಾಗಿ, ಹೊರಳಾಡಿ ಒದ್ದಾಡಿ, ತವರಿಗೆ ಹೋಗಿ ಮಲಗಿದ್ದೆ. ಅಲ್ಲಿನ ಕಾಂಪೌಂಡರು ನೀರು ಜಾಸ್ತಿ ಕುಡಿಯಮ್ಮ, ಬೀರು ಸಿಕ್ಕರೆ ಇನ್ನೂ ಒಳ್ಳೆಯದು ಎಂದುಬಿಟ್ಟ. ನನ್ನ ತಮ್ಮ ಕದಿರಣ್ಣ ಕಲ್ಯಾಣದುರ್ಗದ ಬ್ರಾಂದಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಕ್ಕನ ಔಷಧಿ ಎಂದು ಸಂಜೆ ಸಂಜೆಗೂ ಒಂದು ಬಾಟಲಿ ತಂದು, ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಡಿಸಿದ. ಕಲ್ಲು ಬೀರಿಗೆ ಹೋಯಿತೋ, ಕೊಡಗಟ್ಟಲೆ ಕುಡಿದ ನೀರಿಗೆ ಹೋಯಿತೋ, ದೇವರಿಗೇ ಗೊತ್ತು. ಬೀರು ಎಂದರೆ ಏನೆಂದು ಮಾತ್ರ ನನಗೆ ಗೊತ್ತಾಯಿತು.

ಗಂಡಸರಿಗೆ ಅದು ಗೊತ್ತಾಗುವುದಿಲ್ಲ. ಅವರು ಖಾರದ ಕಡಲೆಬೀಜ ಬಾಯಿಗೆ ತುಂಬಿಕೊಂಡು, ಬೀಡಿ ಸೇದುತ್ತ, ಯಾರನ್ನೋ ಬೈಯುತ್ತ ಕುಡಿಯುತ್ತಾರೆ. ನಾನು ಖಾಲಿ ನಾಲಿಗೆಯಲ್ಲಿ, ಔಷಧಿಯ ಹಾಗೆ, ಗುಟುಕು ಗುಟುಕಾಗಿ ಕುಡಿದವಳು. ಲಾರಿ ಬಂದ ದಿನದ ಬೀರಿಗೆ ಮೊಳಕೆ ಕಟ್ಟಿ ಹುರಿದ ರಾಗಿಯ ಘಮ. ನೊರೆ ನಿಲ್ಲುತ್ತದೆ, ಮೆಂತ್ಯದ ಕಹಿ ಬಂದು ನಾಲಿಗೆಯನ್ನು ತೊಳೆದು ಹೋಗುತ್ತದೆ. ಅದೇ ಬೀರು ಬೇಸಿಗೆಯನ್ನು ಅಂಗಡಿಯ ಅಟ್ಟದ ಮೇಲೆ ಕಳೆದರೆ ಕಹಿ ಸತ್ತು, ನೆನೆದ ರಟ್ಟಿನ ಪೆಟ್ಟಿಗೆಯನ್ನು ಜಗಿದ ಹಾಗಿರುತ್ತದೆ. ಬಿಸಿಲು ಬೀಳುವ ಗೂಡಿನಲ್ಲಿಟ್ಟದ್ದಂತೂ ಸುಟ್ಟ ಕೂದಲಿನ ನಾತ. ಅಂಥದ್ದೊಂದು ತಂದ ದಿನ ನಾನು ಕದಿರಣ್ಣನ ಮುಖಕ್ಕೇ ಉಗಿದಿದ್ದೆ.

"ಅಕ್ಕಯ್ಯ, ಬ್ರಾಂದಿ ಎಷ್ಟು ವರ್ಸ ಇಟ್ರೂ ಬ್ರಾಂದೀನೇ," ಎಂದ ಅವನು ಮುಖ ಒರೆಸಿಕೊಳ್ಳುತ್ತ. "ಬೀರು ಹಾಲಿನ್ ಜಾತಿ ಕಣಕ್ಕ. ಬಂದ್ ತಕ್ಷಣ ಕುಡೀಬೇಕು."

ತೊಂಬತ್ತನಾಲ್ಕರ ಕೊನೆಗೆ, ಸಂಕ್ರಾಂತಿ ಕಳೆದರೆ ನಮ್ಮ ಆಂಧ್ರದಲ್ಲೆಲ್ಲ ಕುಡಿತ ಬಂದ್ ಎಂದು ಸುದ್ದಿ ಬಂತು. ಹೆಂಗಸರೇ ಬೀದಿಗಿಳಿದು ಹೋರಾಡಿ ತಂದ ನಿಷೇಧ, ನನಗೆ ಖುಷಿಯೇ ಆಯಿತು. ಊರಿನ ಗಂಡಸರು ಬ್ರಾಂದಿ, ರಮ್ಮು ಸಿಕ್ಕಷ್ಟು ಬಾಚಿಕೊಂಡರು. ನಮ್ಮ ಯಜಮಾನರು ಅಷ್ಟು ಸುಲಭಕ್ಕೆ ಸಿಗುವ ಆಸಾಮಿಯೇ? ಅವರು ಕಲ್ಯಾಣದುರ್ಗಕ್ಕೆ ಹೋಗಿ, ಟೆಂಪೋದಲ್ಲಿ ಸೀರೆ ಗಂಟುಗಳ ಕೆಳಗೆ ಮುಚ್ಚಿಕೊಂಡು, ಕೇಸುಗಟ್ಟಲೆ ಬೀರು ತಂದರು.

"ಬ್ರಾಂದಿ ಯಾವನ್ ಬೇಕಾದ್ರೂ ಮಡಗ್ತಾನೆ," ಎಂದರು ನನಗೆ. "ಬೀರು ಆಫೀಸರ್‌ಗಳು ಕುಡಿಯೋ ಮಾಲು. ಎರಡು ವರ್ಸ ಹಳೇದಾಗ್ಲಿ, ಆಗ ನೋಡು ಅದ್ರ ಬೆಲೆ."

"ಅದು ಹಾಲಿನ್ ಜಾತಿ ಕಣ್ರೀ. ಇಟ್ರೆ ಕೆಡುತ್ತೆ."

"ಕುಡಿಯೋ ವಿಷಯ ಹೆಂಗಸ್ರಿಗೇನ್ ಗೊತ್ತು? ಸುಮ್ಕಿರು."

ಕದಿರಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಹೋದ ಬೇಸಿಗೆಯಿಂದ ಅಟ್ಟದ ಮೇಲೆ ಬಿದ್ದಿದ್ದ ಮಾಲನ್ನೇ ಭಾವನಿಗೆ ದಾಟಿಸಿದ್ದ. ನನ್ನ ತಮ್ಮನ ಯೋಗ್ಯತೆಯೂ ಅಷ್ಟೇ. ನಿಷೇಧ ಬಂದ ಮೇಲೆ ಅವನು ಗಡಿಯ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರದ ಢಾಬಾ ಸೇರಿಕೊಂಡು ಕಣ್ಮರೆಯಾದ.

ತಂದದ್ದನ್ನು ಇಡುವುದೆಲ್ಲಿ? ಪೊಲೀಸರು ಅಟ್ಟ ನೋಡುತ್ತಾರೆ, ಹಿತ್ತಲು ನೋಡುತ್ತಾರೆ. ಹೆಂಗಸು ಕೂತು ನೇಯುವ ಗುಂಡಿಯನ್ನು ಯಾರು ನೋಡುತ್ತಾರೆ? ತಂಪು, ಕತ್ತಲೆ, ಮೇಲೆ ಹಲಗೆ ಮುಚ್ಚಿ ಚಾಪೆ ಹಾಸಿದರೆ ನೆಲವೇ. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ನಮ್ಮವರು ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳನ್ನು ಕತ್ತರಿಸಿ ಸುತ್ತಿ, ಮಗ್ಗವನ್ನೂ ಬಿಚ್ಚಿ ಮೂಲೆಗೆ ನಿಲ್ಲಿಸಿದ್ದರು. ಆ ಸೀರೆಗೆ ಸೆರಗು ನೇಯುವುದು ಬಾಕಿ ಇತ್ತು. ನಾನು ಕೂಗಾಡಿದೆ, ಅತ್ತುಬಿಟ್ಟೆ, ಎರಡು ದಿನ ಒಲೆ ಹಚ್ಚಲಿಲ್ಲ.

"ಮಗ್ಗ ಎಲ್ಲಿ ಓಡೋಯ್ತದೆ?" ಎಂದರು ಅವರು. "ಸಂಘದ ಅಧ್ಯಕ್ಷ ಆಗ್ಲಿ ನಾನು. ಅವತ್ತೇ ಗುಂಡಿ ಖಾಲಿ ಮಾಡಿಸಿಕೊಡ್ತೀನಿ, ದೇವ್ರಾಣೆಗೂ."

ಲೆಕ್ಕಾಚಾರ ಇದು. ಹಿಂದೂಪುರ, ಕಲ್ಯಾಣದುರ್ಗ ಎರಡೂ ಕಡೆಯ ರೇಷ್ಮೆ ಸೀರೆ ವ್ಯಾಪಾರಿಗಳದ್ದೊಂದು ಸಂಘ. ಅದರ ಅಧ್ಯಕ್ಷನನ್ನು ಸಂಘದವರು ಆರಿಸುತ್ತಾರೆ ಅಂತ ಹೆಸರಿಗೆ. ನಿಜವಾಗಿ ಆರಿಸುವವರು ಕಲ್ಯಾಣದುರ್ಗದ ಉಜ್ಜಿನಪ್ಪ ಸಾವ್ಕಾರರು. ಎಲ್ಲರಿಗೂ ನೂಲು ಕೊಡುವವರು ಅವರೇ, ಅವರ ಮಾತನ್ನು ಯಾರೂ ಮೀರುವುದಿಲ್ಲ. ಬೀರೆಂದರೆ ಅವರಿಗೆ ಪ್ರಾಣ, ಗಡಿ ದಾಟಿ ಗೌರಿಬಿದನೂರಿಗೆ ಹೋಗಿ ಕುಡಿಯಲು ಮರ್ಯಾದೆ ಅಡ್ಡ. ನಿಷೇಧದ ಕಾಲದಲ್ಲಿ ಹಿಂದೂಪುರದ ನಡುಮನೆಯಲ್ಲಿ ಕೂರಿಸಿ, ಎರಡು ವರ್ಷ ಹದವಾದ ಬೀರು ಕೊಟ್ಟವನನ್ನು ಅವರು ಮರೆಯುತ್ತಾರೆಯೇ? ಶಂಕರಯ್ಯನವರು ಇಂಥ ಯೋಚನೆಗಳನ್ನು ಹಾಸಿಗೆಯಲ್ಲಿ ಅಂಗಾತ ಮಲಗಿ, ಸೂರು ನೋಡುತ್ತ ಮಾಡುತ್ತಿದ್ದರು.

ನನ್ನ ಬದುಕು ಮಾತ್ರ ಆ ಚಾಪೆಯ ಕೆಳಗೆ ಹೋಯಿತು. ಬೀರಿನ ಮೇಲೆ ಕೂತು ಬೀನ್ಸ್ ಸೋಸಿದೆ, ಬೀರಿನ ಮೇಲೆ ಮೊಮ್ಮಗುವನ್ನು ಮಲಗಿಸಿದೆ. ಕೇಳಿಕೊಂಡು ಬಂದ ಹೆಂಗಸರಿಗೆ ಅಂಗಡಿಯಲ್ಲಿ ಪವರ್‌ಲೂಮಿನ ಸೀರೆ ತೋರಿಸಿ, ಇದೇ ಸರಸ್ವತಮ್ಮನ ಅಂಚು ಎಂದು ಮಾರಿದರು. ಒಬ್ಬಾಕೆ ಮನೆಗೇ ಬಂದು, "ಯಾಕಮ್ಮ, ನಿನ್ನ ಕೈ ಹಿಂಗೆ ಕೆಟ್ಟೋಯ್ತು?" ಎಂದು ಕೇಳಿ ಹೋದಳು. ಆವತ್ತು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ನಮ್ಮವರು ಕೇಳಿದ್ದಕ್ಕೆ ಈರುಳ್ಳಿ ಎಂದೆ.

ಅಂತೂ ತೊಂಬತ್ತಾರರ ಕಾರ್ತಿಕದಲ್ಲಿ ಒಂದು ಭಾನುವಾರ ಮಧ್ಯಾಹ್ನ ಉಜ್ಜಿನಪ್ಪನವರು ಬಂದರು. ಜೊತೆಗೆ ಅವರ ಬಾಲಗಳು ಇಬ್ಬರು: ಹಿಂದೂಪುರದ ಸೀರೆ ಅಂಗಡಿಯ ಸುಬ್ಬರಾಯಪ್ಪ, ಬಣ್ಣದ ವ್ಯಾಪಾರದ ಆಂಜಿನಪ್ಪ. ಬೀದಿ ಬಾಗಿಲು ಹಾಕಿ, ಚಾಪೆ ಸುತ್ತಿ, ಹಲಗೆ ಸರಿಸಿ, ನಮ್ಮವರು ಗುಂಡಿಗೆ ಇಳಿದು ಒಂದು ಕೇಸು ಎತ್ತಿ ಕೊಟ್ಟರು. ಅದನ್ನು ಮುಂಚೆಯೇ ತರಿಸಿಟ್ಟಿದ್ದ ಐಸಿನ ಬಕೆಟ್ಟಿಗೆ ಇಳಿಸಿದ್ದಾಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ವಡೆ ತಟ್ಟುತ್ತ ನಿಂತಿದ್ದೆ. ಇವತ್ತಿಗೆ ನನ್ನ ಗುಂಡಿ ನನಗೆ ಬಂತು ಎಂಬ ಆಸೆಯಲ್ಲಿ ವಡೆಗೆ ಗೋಡಂಬಿ ಕೂಡ ಹಾಕಿದ್ದೆ, ಬುದ್ಧಿಯಿಲ್ಲದವಳು.

ಮುಚ್ಚಳ ತೆಗೆದರೆ ಸದ್ದೇ ಹೊರಡಲಿಲ್ಲ. ಲೋಟಕ್ಕೆ ಬಗ್ಗಿಸಿದರೆ ನೊರೆ ಎದ್ದಂತೆ ಮಾಡಿ, ನಾಚಿಕೊಂಡು ಕೂತಿತು. ಬಣ್ಣ ಕಾಸಿದ ಬೆಲ್ಲದ ನೀರು, ಅದರಲ್ಲಿ ಹೊಟ್ಟಿನಂಥ ಚೂರುಗಳು ತೇಲುತ್ತಿದ್ದವು. ಬಾಗಿಲಲ್ಲಿದ್ದ ನನ್ನ ಮೂಗಿಗೇ ನೆನೆದ ರಟ್ಟಿನ ವಾಸನೆ ಬಡಿಯಿತು.

ಮೂವರೂ ಲೋಟ ಎತ್ತಿ ಒಂದೊಂದು ಗುಟುಕು ಕುಡಿದರು. ಸುಬ್ಬರಾಯಪ್ಪನ ಕಿವಿ ಹಿಂದಕ್ಕೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಆಂಜಿನಪ್ಪ ನುಂಗಲಾರದೆ ಕೆನ್ನೆಯಲ್ಲಿಟ್ಟುಕೊಂಡು ಸಾವ್ಕಾರರ ಮುಖ ನೋಡಿದ. ಉಜ್ಜಿನಪ್ಪನವರು ಕಣ್ಣು ಮುಚ್ಚಿದ್ದರು. ನಮ್ಮವರು ಕೈ ಕಟ್ಟಿಕೊಂಡು, ಪರೀಕ್ಷೆಯ ಫಲ ಕಾಯುವ ಹುಡುಗನ ಹಾಗೆ ನಿಂತಿದ್ದರು. ಸಾವ್ಕಾರರು ನಿಧಾನವಾಗಿ ಕಣ್ಣು ಬಿಟ್ಟರು.

"ನೋಡ್ರಪ್ಪಾ," ಎಂದರು. "ಇದು ತಿಳಿದೋರು ಕುಡಿಯೋ ಮಾಲು."

ಅಷ್ಟು ಸಾಕಾಯಿತು. ಆಂಜಿನಪ್ಪ ಗುಳುಕ್ಕನೆ ನುಂಗಿದ.

"ಚಾಲಾ ಬಾಗುಂದಣ್ಣಾ, ಭಾಳ ಚೆನ್ನಾಗೈತೆ!" ಎಂದ ಸುಬ್ಬರಾಯಪ್ಪ. "ಬ್ರಾಂದಿ ಕಳೆ ಬಂದ್ಬುಟ್ಟೈತೆ."

"ಫಾರಿನ್‌ನಾಗೂ ಹಿಂಗೇ ಅಂತೆ ಕಣಪ್ಪ," ಎಂದ ಆಂಜಿನಪ್ಪ. "ನೆಲದಾಗೆ ಹೂತಿಟ್ಟು ಕುಡೀತಾರಂತೆ."

"ಹೊಸಾ ಬೀರಿನಾಗೆ ಏನೈತೆ? ಬರೀ ಗಾಳಿ," ಎಂದರು ಸಾವ್ಕಾರರು. ಹೀಗೆ ಒಬ್ಬರನ್ನೊಬ್ಬರು ಮೀರಿಸಿ ಹೊಗಳಿದರು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ರಟ್ಟು ಕುಡಿಯುವುದೇ ಮೇಲು ಎಂದುಕೊಂಡ ಗಂಡಸರನ್ನು ನಾನು ಬಹಳ ನೋಡಿದ್ದೇನೆ, ಆದರೆ ಮೂವರನ್ನು ಒಂದೇ ಚಾಪೆಯ ಮೇಲೆ ನೋಡಿದ್ದು ಆವತ್ತೇ. ಸಾವ್ಕಾರರು ಅಲ್ಲೇ ಘೋಷಣೆ ಮಾಡಿದರು. ಇಂಥ ದೂರದೃಷ್ಟಿಯವನು ಬಿಟ್ಟರೆ ಸಂಘಕ್ಕೆ ಇನ್ನಾರು ಅಧ್ಯಕ್ಷ, ಶಂಕರಯ್ಯನೇ ಆಗಲಿ ಎಂದರು. ನಮ್ಮವರ ಕಣ್ಣಲ್ಲಿ ನೀರು ಬಂತು. ನಾನು ಬಾಣಲೆಯನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡೆ.

ಆಗ ಸಾವ್ಕಾರರು ಲೋಟವನ್ನು ದೂರ ಸರಿಸಿ ಹೇಳಿದರು: "ಶಂಕರಯ್ಯ, ಮಿಕ್ಕಿದ್ದನ್ನ ಮುಟ್ಟಬ್ಯಾಡ. ಹಂಗೇ ಮಡಗು. ಇನ್ನೈದು ವರ್ಸಕ್ಕೆ ನನ್ನ ಕಿರೀ ಮಗನ ಮದುವೆ ಮಾಡ್ತೀನಿ, ಬೀಗರಿಗೆ ಇದನ್ನೇ ಕೊಡಾನ."

"ಆಗ್ಲಿ ಸಾವ್ಕಾರ್ರೆ," ಎಂದರು ನನ್ನ ಗಂಡ, ಉಸಿರೂ ಬಿಡದೆ. "ಮಗ್ಗ ಎಂಗೂ ಮೂಲೆ ಸೇರೈತೆ."

ಇನ್ನೂ ಐದು ವರ್ಷ! ನನ್ನ ಮೈಯೆಲ್ಲ ಉರಿದುಹೋಯಿತು. ನಾಲ್ಕು ಜನರ ಮುಂದೆ ಕಿರುಚುವ ಹೆಂಗಸು ನಾನಲ್ಲ. ಕಿರುಚಿದ್ದರೆ ಹುಚ್ಚಿ ಎನ್ನುತ್ತಿದ್ದರು, ಬೀರು ಅಲ್ಲೇ ಉಳಿಯುತ್ತಿತ್ತು. ನಾನು ಕೆಳಗೆ ನೋಡಿದೆ. ಮೂರು ಲೋಟ, ಮೂರೂ ಹೆಚ್ಚುಕಡಿಮೆ ತುಂಬಿದ್ದ ಹಾಗೇ ಇದ್ದವು. ಅಷ್ಟು ಹೊಗಳಿದವರಲ್ಲಿ ಒಬ್ಬನೂ ಎರಡನೇ ಗುಟುಕು ಕುಡಿದಿರಲಿಲ್ಲ.

ನಮ್ಮ ಜನರಲ್ಲಿ ಒಂದು ಪದ್ಧತಿ ಇದೆ. ಮಾತುಕತೆಗೆ ಬಂದವರಿಗೆ ಮನೆಯ ಹೆಂಗಸು ಎದುರು ನಿಂತು ಬಡಿಸಬೇಕು, ಅವರು ಸಾಕು ಎಂದರೂ ಬಿಡಬಾರದು. ಬಡಿಸಿದ್ದನ್ನು ಬಿಟ್ಟು ಎದ್ದರೆ ಆಡಿದ ಮಾತನ್ನೂ ಅಲ್ಲೇ ಬಿಟ್ಟು ಎದ್ದ ಹಾಗೆ. ಹೆಣ್ಣು ಕೊಡುವಾಗ, ಹೊಲ ಕೊಳ್ಳುವಾಗ ಇದೇ ಶಾಸ್ತ್ರ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಮನೆಗೆ ಬಂದೆ.

"ಯಾಕೆ ಸಾವ್ಕಾರ್ರೆ, ಲೋಟ ಹಂಗೇ ಐತೆ? ಚೆನ್ನಾಗಿಲ್ವಾ?"

"ಚೆನ್ನಾಗಿಲ್ದೆ ಏನು ತಾಯಿ. ನಿಧಾನಕ್ಕೆ..."

"ನಮ್ಮ ಯಜಮಾನ್ರನ್ನ ಅಧ್ಯಕ್ಷರು ಅಂದ್ರಿ. ಮಾತುಕತೆ ಆಯ್ತಲ್ಲ, ಲೋಟದಾಗೆ ಬಿಡಬಾರ್ದು. ಮುಗ್ಸಿ."

ಸಾವ್ಕಾರರಿಗೆ ಬೇರೆ ದಾರಿ ಇರಲಿಲ್ಲ. ಗಟಗಟ ಕುಡಿದರು. ಗಂಟಲ ಗಂಟು ಏರಿ ಇಳಿಯುವುದನ್ನು ನಾನು ಬಗ್ಗಿ ನೋಡಿದೆ. ಲೋಟ ಕೆಳಗೆ ಇಡುವ ಮೊದಲೇ ಮತ್ತೆ ತುಂಬಿಸಿದೆ.

"ಸಾಕು ಕಣಮ್ಮ."

"ಸಂಕೋಚ ಮಾಡ್ಕೋಬ್ಯಾಡಿ. ಬ್ರಾಂದಿ ಕಳೆ ಬಂದೈತಲ್ಲ, ಸುಬ್ಬರಾಯಪ್ಪನೋರೇ? ತಗಳ್ರಿ. ಫಾರಿನ್‌ನಾಗೆ ಒಂದಕ್ಕೇ ನಿಲ್ಲಿಸ್ತಾರಾ, ಆಂಜಿನಪ್ಪ?"

ಬಕೆಟ್ಟಿನದು ಮುಗಿಯಿತು. ನಾನೇ ಗುಂಡಿಗೆ ಇಳಿದು ಇನ್ನೊಂದು ಕೇಸು ಎತ್ತಿ ಇಟ್ಟೆ. ಐಸೂ ಇಲ್ಲ, ಬೆಚ್ಚಗಿನದು. ಬೆಚ್ಚಗಾದ ಮೇಲೆ ಆ ಬೀರು ತನ್ನ ನಿಜವಾದ ಗುಣವನ್ನೆಲ್ಲ ಬಿಚ್ಚಿ ತೋರಿಸಿತು. ನನ್ನ ಗಂಡ ಕಣ್ಣಲ್ಲೇ ಬೇಡ ಬೇಡ ಎಂದರು. ಉಪಚಾರ ಮಾಡುವ ಹೆಂಡತಿಯನ್ನು ಅತಿಥಿಗಳ ಎದುರು ಬಾಯಿ ಬಿಟ್ಟು ತಡೆಯುವುದು ಹೇಗೆ? ಆಂಜಿನಪ್ಪ ಬಾಯಿಗೆ ಟವೆಲ್ ಒತ್ತಿಕೊಂಡು ಹಿತ್ತಲಿಗೆ ಓಡಿದ. ಸುಬ್ಬರಾಯಪ್ಪ ಗೋಡೆಗೆ ಒರಗಿ, "ಬಾಗುಂದಿ, ಬಾಗುಂದಿ" ಎಂದು ಗೊಣಗುತ್ತ ಹೊಟ್ಟೆ ಹಿಡಿದುಕೊಂಡಿದ್ದ. ಸಾವ್ಕಾರರು ಕೊನೆಗೆ ಕೈ ಮುಗಿದರು.

"ತಾಯಿ, ಬಿಟ್ಬುಡು. ಮದುವೇಗೆ ಏನೂ ಇಡಬ್ಯಾಡ್ರಿ. ನಾವು ಕಾಫಿ ಕೊಡ್ತೀವಿ."

"ಯಜಮಾನ್ರದ್ದೊಂದು ಬಾಕಿ ಐತೆ," ಎಂದು ನಾನು ಒಂದು ಲೋಟ ತುಂಬಿಸಿ ನನ್ನ ಗಂಡನ ಕೈಗೆ ಕೊಟ್ಟೆ. ಅತಿಥಿಗಳಿಗೆ ಆಗಲಿ ಎಂದು ಅವರು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಅವರು ನನ್ನನ್ನು ನೋಡಿದರು, ಎತ್ತಿದರು, ಒಂದೇ ಸಲಕ್ಕೆ ಕುಡಿದು ಮುಗಿಸಿದರು. ಮುಖ ಹುಳ್ಳಗಾಗಲಿಲ್ಲ, ಹುಬ್ಬು ಕೂಡ ಅಲುಗಲಿಲ್ಲ.

"ಚೆನ್ನಾಗೈತೆ," ಎಂದರು.

ಹೇಳಿದರೆ ನಂಬುತ್ತೀರೋ ಇಲ್ಲವೋ, ಆಗ ನನಗೆ ಅಯ್ಯೋ ಅನ್ನಿಸಿತು. ಇಷ್ಟು ವರ್ಷ ಜೊತೆಗಿದ್ದ ಮನುಷ್ಯ, ಇಷ್ಟು ಆಸೆಯಿಂದ ಕಾದಿಟ್ಟದ್ದು ಹಾಳಾಗಿದೆ ಎಂದು ಈಗ ಗೊತ್ತಾಗಿದೆ, ಹೇಳಿಕೊಳ್ಳುವ ಹಾಗೂ ಇಲ್ಲ. ಅತಿಥಿಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಹೋದ ಮೇಲೆ ನಾನೇ ಮೆತ್ತಗೆ ಮಾತಾಡಿಸಿದೆ.

"ಹೋಗ್ಲಿ ಬಿಡಿ. ಅಧ್ಯಕ್ಷರಾದ್ರಲ್ಲ. ಮಿಕ್ಕಿದ್ದು ಎತ್ತಿ ಚರಂಡಿಗೆ ಸುರಿಯಾನ."

ಅವರು ಗುಂಡಿಗೆ ಇಳಿದರು. ಒಂದೊಂದೇ ಕೇಸು ಎತ್ತಿಕೊಟ್ಟರು, ನಾನು ಇಸಿದುಕೊಂಡೆ. ತೀರಾ ತಳದ ಕೇಸಿನ ರಟ್ಟು ಹರಿದಿತ್ತು. ಅದರೊಳಗೆ ಒಂದು ಬಾಟಲಿಗೆ ಮುಚ್ಚಳವೇ ಇಲ್ಲ. ಬಾಯಿಗೆ ನಮ್ಮ ಅಂಗಡಿಯ ಬಟ್ಟೆಯ ಚೂರನ್ನು ಯಾರೋ ತುರುಕಿದ್ದರು, ಮುಕ್ಕಾಲು ಬೀರು ಹಾಗೇ ಇತ್ತು, ಮೇಲೆ ಬೂಷ್ಟು ಕಟ್ಟಿತ್ತು. ನಿನ್ನೆ ಮೊನ್ನೆ ತೆಗೆದದ್ದಲ್ಲ.

"ಇದ್ಯಾರು ತೆಗೆದಿದ್ದು?" ಎಂದೆ.

ಅವರು ಗುಂಡಿಯಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ತಲೆ ಮಾತ್ರ ಕಾಣುತ್ತಿತ್ತು.

"ನಾನೇ," ಎಂದರು. "ಮೊದಲ್ನೇ ಬೇಸಿಗೆ ಮುಗಿದಾಗ. ನೀನು ತವರಿಗೆ ಹೋಗಿದ್ದೆ."

"ಕುಡಿದ್ರಾ?"

"ಒಂದು ಗುಟುಕು. ಅವತ್ತೇ ಗೊತ್ತಾಯ್ತು, ಕೆಟ್ಟೋಗೈತೆ ಅಂತ."

"ಮತ್ತೆ ಯಾಕೆ ತೆಗೀಲಿಲ್ಲ?"

"ಎಂಗ್ ತೆಗೀಲಿ, ಸರಸ್ವತಿ? ನೀನು ಮೊದಲೇ ಹೇಳಿದ್ದೆ. ನಿನ್ ಮಗ್ಗ ನಿಲ್ಲಿಸ್ಬುಟ್ಟಿದ್ದೆ. ಯಾವ ಮುಖ ಹೊತ್ಕೊಂಡು ಹೇಳ್ಲಿ?"

ಮರುಕವೆಲ್ಲ ಅಲ್ಲಿಗೆ ಬತ್ತಿಹೋಯಿತು. ನನ್ನ ಗಂಡನನ್ನು ದಡ್ಡ ಎಂದುಕೊಂಡಿದ್ದೆ, ದಡ್ಡತನವನ್ನು ಕ್ಷಮಿಸಲೂ ತಯಾರಾಗಿದ್ದೆ. ಗೊತ್ತಿದ್ದೂ, ತಪ್ಪಾಯಿತು ಎನ್ನುವ ಒಂದು ಮಾತು ಬಾಯಲ್ಲಿ ಬಾರದ್ದಕ್ಕೆ, ಹಾಳು ನೀರನ್ನು ಕಾಯುವ ನೆಪದಲ್ಲಿ ನನ್ನ ಕೈಯನ್ನು ಕಟ್ಟಿ ಕೂರಿಸಿದ್ದರು. ಆ ಹೆಂಗಸು ಬಂದು ನಿನ್ನ ಕೈ ಕೆಟ್ಟಿತೇ ಎಂದು ಕೇಳಿದಾಗಲೂ ಅವರು ಪಕ್ಕದಲ್ಲೇ ಕೂತು ಕಡಲೆಬೀಜ ಸುಲಿಯುತ್ತಿದ್ದರು, ಎಲ್ಲ ಗೊತ್ತಿತ್ತು.

ನಾನು ಬೈಯಲಿಲ್ಲ. ಬೈಗುಳವಾದರೆ ಅವರು ಕೇಳಿಸಿಕೊಂಡು ಎದ್ದು ಹೋಗುತ್ತಿದ್ದರು. ಗುಂಡಿಯನ್ನು ಅವರ ಕೈಯಲ್ಲೇ ತೊಳೆಸಿದೆ, ಸಗಣಿ ಹಾಕಿ ಸಾರಿಸಿದೆ. ಮಾರನೆಯ ದಿನ ಮೂಲೆಯಲ್ಲಿದ್ದ ಮಗ್ಗವನ್ನು ಮತ್ತೆ ಹೂಡಿ, ಹಳೆಯ ಹಾಸನ್ನು ಅದಕ್ಕೆ ಕಟ್ಟಿ, ಅವರನ್ನು ಎದುರಿಗೆ ಕೂರಿಸಿದೆ. ಕತ್ತರಿಸಿದ್ದ ಎಳೆಗಳನ್ನೆಲ್ಲ ಮತ್ತೆ ಸೇರಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು ಈ ಕಡೆಯ ತುದಿ, ಆ ಕಡೆಯ ತುದಿ ಹಿಡಿದು ಹೊಸೆಯಬೇಕು. ರೇಷ್ಮೆಯ ಎಳೆ ಕೂದಲಿಗಿಂತ ಸಣ್ಣದು, ಸಾವಿರಗಟ್ಟಲೆ ಇರುತ್ತವೆ. ವ್ಯಾಪಾರಕ್ಕೆ ಬಿದ್ದ ಮೇಲೆ ಅವರು ಆ ಕೆಲಸ ಮುಟ್ಟಿಯೇ ಇರಲಿಲ್ಲ. ಒಂದು ಎಳೆ ಸೇರಿಸಿದರೆ ಎರಡು ಬಿಟ್ಟುಕೊಳ್ಳುತ್ತಿದ್ದವು.

ಹೊಸ ಅಧ್ಯಕ್ಷರಿಗೆ ಹಾರ ಹಾಕಲು ಸಂಘದವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಇಣುಕಿದರು. ಶಂಕರಯ್ಯನವರು ಬೆವೆತು, ಕನ್ನಡಕ ಮೂಗಿನ ತುದಿಗೆ ಜಾರಿ, ಬೂದಿ ಬೆರಳಿನಲ್ಲಿ ಎಳೆ ಹಿಡಿದು ಕೂತಿದ್ದರು. ಎದ್ದು ಬಿಡಲು ನೋಡಿದರು. ನಾನು ನೋಡಿದೆ. ಅವರು ಮತ್ತೆ ಕೂತರು.

"ಇದೇನ್ ಅಧ್ಯಕ್ಷರೇ, ನೀವು ಈ ಕೆಲಸಕ್ಕೆ ಕೂತಿದ್ದೀರಿ?" ಎಂದು ಒಬ್ಬ ನಕ್ಕ.

"ಹಾರ ಅಲ್ಲಿ ಗೂಟಕ್ಕೆ ಹಾಕಿ ಹೋಗ್ರಪ್ಪ," ಎಂದೆ. "ಯಾಕೆ ಕೂತವ್ರೆ ಅಂತ ಅವ್ರೇ ಹೇಳ್ತಾರೆ, ಕೇಳ್ಕೊಂಡು ಹೋಗಿ."

ಎಲ್ಲರೂ ಅವರ ಮುಖ ನೋಡಿದರು. ಅವರು ತಲೆ ತಗ್ಗಿಸಿ, ಒಂದು ಎಳೆಯನ್ನು ಸೇರಿಸಿ, ಬಹಳ ಹೊತ್ತು ಹೊಸೆದರು. ಎಳೆ ಬಿಟ್ಟುಕೊಂಡಿತು. ಅದರ ತುದಿಯನ್ನು ಹುಡುಕುತ್ತ, ನನ್ನ ಕಡೆ ನೋಡದೆ, ಕೊನೆಗೂ ಬಾಯಿ ಬಿಟ್ಟರು.

"ನಾನೇ ಕತ್ತರಿಸಿದ್ದು ಕಣ್ರಪ್ಪಾ," ಎಂದರು. "ತಪ್ಪಾಯ್ತು."